ಬಹುಭಾಷೆಯ ತರಗತಿಯಲ್ಲಿ ಬೋಧನೆ

ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷೆಗಳ ಮಾಧ್ಯಮದಲ್ಲಿ ಶಾಲೆಗಳನ್ನು ನಡೆಸುತ್ತ ಬಂದಿದೆ, ಕನ್ನಡವು ಅವುಗಳಲ್ಲೊಂದು. ಕನ್ನಡ ಶಾಲೆಗೆ ಬರುವ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ. ಕರಾವಳಿಯ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುತ್ತದೆ. ಕಲಬುರ್ಗಿಯಿಂದ ದುಡಿಮೆಗೆ ಬಂದವರ ಮಗುವಿನ ಕನ್ನಡ ಪುಸ್ತಕದ ಕನ್ನಡವಲ್ಲ. ಬೀದಿಯಲ್ಲಿ ಇಬ್ಬರಿಗೂ ಮರಾಠಿ, ಹಿಂದಿ. ಇಂತಹ ಮಗುವಿಗೆ ವಿಷಯ ತಿಳಿದಿದ್ದೂ ಮಾತು ಒದಗದಿರಬಹುದು.

ಆದುದರಿಂದ ಉಪಾಧ್ಯಾಯರು ಪ್ರಶ್ನೆಯ ತರುವಾಯ ತುಸು ಕಾಯಬೇಕು. ಮನೆಮಾತಿನ ಉತ್ತರವನ್ನೂ ಸ್ವೀಕರಿಸಿ, ಸಹಪಾಠಿಗಳಿಂದ ಅದನ್ನು ಕನ್ನಡಕ್ಕೆ ತರಿಸಬೇಕು. ಎಲ್ಲರೂ ಪಾಟಿಯ ಮೇಲೆ ಬರೆದು ಒಮ್ಮೆಗೇ ತೋರಿಸಿದರೆ, ಕೈಯೆತ್ತುವ ನಾಲ್ವರ ಹಿಂದೆ ಉಳಿದವರು ಮರೆಯಾಗರು. ಮಾತಿನ ಕೊರತೆಯನ್ನು ಬುದ್ಧಿಯ ಕೊರತೆಯೆಂದು ಎಣಿಸಿದಲ್ಲಿ ಮಗು ಶಾಲೆಯನ್ನೇ ತೊರೆದೀತು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಕನ್ನಡ ಶಾಲೆಗಳಿಗೆ ಇದು ಅಳಿವು ಉಳಿವಿನ ಪ್ರಶ್ನೆಯೂ ಹೌದು.