ರಬ್ಬರಿಗೆ ಹಾರುಬೂದಿಯ ಹೂರಣ

ಸಂಸ್ಕೃತದ 'ಪೂರಣ' ಶಬ್ದವೇ ಕನ್ನಡದಲ್ಲಿ 'ಹೂರಣ'ವಾಗಿರುವುದು. ಹೋಳಿಗೆಯ ಹೂರಣವು ಕಣಕದೊಳಗಿನ ಬರಿದೆಡೆಯನ್ನು ತುಂಬುವ ವಸ್ತುವಷ್ಟೇ ಅಲ್ಲ. ಹೋಳಿಗೆಯ ಸಾರವೇ ಅದು. ರಬ್ಬರಿನ ಕೈಗಾರಿಕೆಯಲ್ಲಿ ಬೆರಸುವ ಪುಡಿಗಳಿಗೆ ಪೂರಕದ್ರವ್ಯಗಳೆಂದು ಹೆಸರಿಡುವಾಗ ಈ ವಿವೇಕವಿರಬೇಕು. ಏಕೆಂದರೆ ಅವುಗಳಲ್ಲಿ ಎರಡು ಬಗೆಯುಂಟು: ಬೆಲೆಯನ್ನು ತಗ್ಗಿಸುವುದಕ್ಕಾಗಿ ಎಡೆಯನ್ನು ತುಂಬುವುವು ಕೆಲವು, ರಬ್ಬರಿಗೆ ಬಲವನ್ನೇ ಕೊಡುವುವು ಕೆಲವು.

ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ಕ್ರಮವನ್ನು ಚಾರ್ಲ್ಸ್ ಗುಡ್‌ಇಯರನು 1839ರಲ್ಲಿ ಕಂಡುಹಿಡಿದನು. ಆದರೂ ಗಂಧಕವೊಂದರಿಂದಲೇ ಗಾಡಿಯ ಚಕ್ರಕ್ಕೆ ತಕ್ಕ ರಬ್ಬರು ಸಿದ್ಧವಾಗದು. ಮೊದಲ ಟಯರುಗಳು ಸತುವಿನ ಆಕ್ಸೈಡನ್ನು ಬೆರಸಿದುದರಿಂದ ಬೆಳ್ಳಗಿರುತ್ತಿದ್ದುವು. 1904ರಲ್ಲಿ ಲಂಡನ್ನಿನ ಸಿಲ್ವರ್‌ಟೌನಿನಲ್ಲಿ ಎಸ್. ಸಿ. ಮೋಟ್ ಎಂಬವನು ಇಂಗಾಲದ ಕಾಡಿಗೆಯು ರಬ್ಬರಿನ ಬಲವನ್ನು ಹೆಚ್ಚಿಸುವುದೆಂದು ಕಂಡನು. ಸ್ಟೈರೀನ್ ಬ್ಯೂಟಾಡೈಯೀನ್ ಎಂಬ ಕೃತಕ ರಬ್ಬರಿನಲ್ಲಂತೂ ಕಾಡಿಗೆ ಸೇರಿದರೆ ಎಳೆತಕ್ಕೆ ತಡೆಯುವ ಶಕ್ತಿಯು ಸುಮಾರು ಹತ್ತರಷ್ಟಾಗುವುದು.

ಕಲ್ಲಿದ್ದಲನ್ನು ಪುಡಿಮಾಡಿ ಉರಿಸುವ ವಿದ್ಯುದಾಗಾರಗಳಲ್ಲಿ ಹೊಗೆಯೊಡನೆ ಮೇಲೇರುವ ಬೂದಿಯೇ ಹಾರುಬೂದಿ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶವು ನೂರಕ್ಕೆ 30ರಿಂದ 45ರವರೆಗೂ ಇರುವುದರಿಂದ, 1985ರಲ್ಲಿ ಮೊದಲ ಘಟಕವು ನಡೆಯತೊಡಗಿದ ರಾಯಚೂರಿನ ಶಕ್ತಿನಗರದಂತಹ ಸ್ಥಾವರಗಳಲ್ಲಿ ಇದರ ರಾಶಿಯು ಬಹು ದೊಡ್ಡದು. ಇದರ ಮುಖ್ಯಾಂಶಗಳು ಸಿಲಿಕಾ, ಅಲ್ಯುಮಿನಾ, ಕಬ್ಬಿಣದ ಆಕ್ಸೈಡು. ಕುಲುಮೆಯಲ್ಲಿ ಕರಗಿ ಗಾಳಿಯಲ್ಲಿಯೇ ಆರಿದುದರಿಂದ ಕಣಗಳು ಬಹುಮಟ್ಟಿಗೆ ಗಾಜಿನ ಗುಂಡುಗಳಂತಿರುವುವು. ವೈದ್ಯರು ಪುಟವಿಟ್ಟು ಸಾಧಿಸುವ ಭಸ್ಮಗಳ ಸಾಲಿಗೆ ಇದನ್ನು ಸೇರಿಸಿ 'ಭಸ್ಮ'ವೆನ್ನುವುದು ಸರಿಯಲ್ಲ. ಬೂದಿಯೆಂಬ ಮಾತೇ ಸಾಕು.

ಭೇದವೆಲ್ಲ ಕಣದ ಗಾತ್ರದಲ್ಲಿದೆ. ಕಾಡಿಗೆಯ ಮೂಲಕಣವು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಿಂದ ಹತ್ತುಸಾವಿರದಲ್ಲೊಂದು ಭಾಗದವರೆಗೆ ಇರುವುದು. ಹಾರುಬೂದಿಯ ಕಣವೋ ಸಾಮಾನ್ಯವಾಗಿ ಸಾವಿರದಲ್ಲೊಂದರಿಂದ ಹತ್ತರಲ್ಲೊಂದು ಭಾಗದವರೆಗೆ. ಟಯರಿಗೆ ಬಳಸುವ ಒಂದು ಜಾತಿಯ ಕಾಡಿಗೆಯ ಒಂದು ಗ್ರಾಮಿನಲ್ಲಿ ಸುಮಾರು 80 ಚದರ ಮೀಟರು ಮೇಲ್ಮೈ ಇದೆ. ರಬ್ಬರಿನ ತಂತುಗಳು ಹಿಡಿದುಕೊಳ್ಳುವುದು ಈ ಮೇಲ್ಮೈಯನ್ನೇ. ಬೂದಿಯ ನುಣುಪಾದ ದಪ್ಪ ಗುಂಡಿನಲ್ಲಿ ಅಂಥ ಹಿಡಿತವಿಲ್ಲ. ರಬ್ಬರನ್ನು ಎಳೆದೊಡನೆ ಕಣದ ಸುತ್ತ ಬಿರುಕು ಬಿಡುವುದು, ಹರಿತವು ಅಲ್ಲಿಂದಲೇ ಮೊದಲಾಗುವುದು. ಗುಂಡಾಗಿರುವುದರಿಂದ ಬೆರಕೆಯು ಸುಲಭವಾಗಿ ಅಚ್ಚಿನೊಳಕ್ಕೆ ಹರಿಯುವುದೆಂಬ ಗುಣವೇನೋ ಉಂಟು.

ಈ ದೋಷಕ್ಕೆ ಪರಿಹಾರಗಳಿಲ್ಲದಿಲ್ಲ. ಗಾಳಿಯಿಂದ ತೂರಿ ನಯವಾದ ಭಾಗವನ್ನು ಬೇರ್ಪಡಿಸುವುದು ಒಂದು, ಅರೆಯುವುದು ಮತ್ತೊಂದು. ಇವುಗಳಿಗಿಂತ ಸೂಕ್ಷ್ಮವಾದುದು ಸಿಲೇನುಗಳೆಂಬ ಸಂಯುಕ್ತಗಳ ಪ್ರಯೋಗ. ಗಂಧಕವುಳ್ಳ ಸಿಲೇನಿನ ಒಂದು ತುದಿಯು ಬೂದಿಯ ಸಿಲಿಕಾವನ್ನು ಹಿಡಿಯುವುದು. ಇನ್ನೊಂದು ತುದಿಯು ರಬ್ಬರನ್ನು ಕಾಯಿಸಿ ಹದಗೊಳಿಸುವಾಗ ಅದರ ತಂತುವಿಗೆ ಸೇರುವುದು. ಬೇರೆ ಬೇರೆಯಾಗಿದ್ದ ಎರಡು ಪದಗಳನ್ನು ಸಮಾಸವು ಒಂದುಗೂಡಿಸುವಂತೆ ಇದು ಎರಡನ್ನೂ ಕೂಡಿಸುವುದು. ಆದರೆ ಸಿಲೇನಿಗೆ ಬೆಲೆ ಹೆಚ್ಚು. ಅಗ್ಗವೆಂದು ತಂದ ಬೂದಿಗೆ ಅದನ್ನು ಧಾರಾಳವಾಗಿ ಸುರಿದರೆ ಉದ್ದೇಶವೇ ಕೆಡುವುದು.

ಭತ್ತದ ಹೊಟ್ಟಿನ ಬೂದಿಯ ಸಂಗತಿಯೇ ಬೇರೆ. ಅದರಲ್ಲಿ ಸಿಲಿಕಾ ನೂರಕ್ಕೆ 85ನ್ನೂ ಮೀರುವುದುಂಟು. ಹದವಾದ ಶಾಖದಲ್ಲಿ ಸುಟ್ಟರೆ ಅದು ಹರಳುಗಟ್ಟದೆ ಉಳಿಯುವುದು. ಅಂಥದನ್ನು ಕ್ಷಾರದಲ್ಲಿ ಕರಗಿಸಿ ಮತ್ತೆ ಬೇರ್ಪಡಿಸಿದರೆ ಅತಿ ನಯವಾದ ಸಿಲಿಕಾ ದೊರೆಯುವುದು. ಹಿಂದೆ ಹೇಳಿದ ಗುಡ್‌ಇಯರನ ಹೆಸರನ್ನೇ ಇಟ್ಟುಕೊಂಡ ಕಂಪನಿಯು ಇಂಥ ಸಿಲಿಕಾವನ್ನು ಟಯರುಗಳಲ್ಲಿ ಬಳಸುವುದಾಗಿ 2014ರಲ್ಲಿ ಪ್ರಕಟಿಸಿತು. ಇಲ್ಲಿ ಟಯರನ್ನು ಸೇರಿದುದು ಬೂದಿಯಲ್ಲ, ಬೂದಿಯಿಂದ ಹೊಸದಾಗಿ ಹುಟ್ಟಿದ ಪದಾರ್ಥ.

ಆದುದರಿಂದ ಸಂಸ್ಕರಿಸದ ಹಾರುಬೂದಿಯು ನೆಲಹಾಸು, ಕಾಲೊರಸು ಮೊದಲಾದುವುಗಳಿಗೂ ಅಗ್ಗದ ಪಾದರಕ್ಷೆಯ ಅಟ್ಟೆಗೂ ಸಲ್ಲಬಹುದು. ಜನರ ಪ್ರಾಣವು ನಂಬಿಕೊಂಡಿರುವ ಟಯರಿನ ಮೈಗೆ ಕಾಡಿಗೆಯ ಬದಲು ಅದನ್ನು ಸೇರಿಸುವುದು ವಂಚನೆಯೇ ಸರಿ. ಅಟ್ಟೆಗಾದರೂ ಪರೀಕ್ಷೆ ಬೇಕು: ತಾಮ್ರ, ಮ್ಯಾಂಗನೀಸುಗಳು ಅಲ್ಪವಾಗಿದ್ದರೂ ನೈಸರ್ಗಿಕ ರಬ್ಬರನ್ನು ಬೇಗ ಜೀರ್ಣಗೊಳಿಸುವುವು. ಮೂಟೆ ಬಿಚ್ಚಿ ಬೆರಸುವ ಕೂಲಿಯವನ ಮಾತೂ ಉಂಟು. ಹಾರುಬೂದಿಯು ಅಲ್ಲಿಯೂ ಹಾರುವುದು, ಅದರ ನಯವಾದ ಸಿಲಿಕಾ ಅವನ ಶ್ವಾಸಕೋಶವನ್ನು ಹೊಗುವುದು.