ಸಂಗ್ರಹವೂ ವಿವೇಕವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ವಿಜಯಪುರ ಜಿಲ್ಲೆಯ ಈ ಊರುಗಳ ಸೀಮೆ ಬಿಳಿಜೋಳಕ್ಕೆ ಹೆಸರಾದುದು. ಹಿಂದೆ ಇಲ್ಲಿಯ ರೈತರು ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ದಿನದ ರೊಟ್ಟಿಗೆ ಬೇಕಾದಷ್ಟನ್ನು ಮನೆಯೊಳಗೆ ಕೈಗೆಟುಕುವಂತೆ ಇರಿಸಿಕೊಳ್ಳುತ್ತಿದ್ದರು. ಹೊತ್ತುಹೊತ್ತಿಗೆ ಸಂತೆಗೆ ಓಡುವ ಕಷ್ಟ ಅವರಿಗಿರಲಿಲ್ಲ.

ಅಂತರಜಾಲದ ಪ್ರಾಕ್ಸಿ ಸರ್ವರ್ ಎಂಬ ಯಂತ್ರದ ತತ್ತ್ವವೂ ಇದೇ. ದೂರದಿಂದ ಒಮ್ಮೆ ತರಿಸಿದ ಮಾಹಿತಿಯ ಪ್ರತಿಯನ್ನು ಅದು ಕೂಡಿಟ್ಟು, ಮತ್ತೆ ಕೇಳಿದವರಿಗೆ ಅಲ್ಲಿಂದಲೇ ಕೊಡುತ್ತದೆ. ಈ ಸಂಗ್ರಹಕ್ಕೆ ಕ್ಯಾಶ್ ಎಂದು ಹೆಸರು. ಒಂದು ಶಾಲೆಯ 20 ಗಣಕಯಂತ್ರಗಳಿಗೆ 200 ಮೆಗಾಬೈಟ್ ಗಾತ್ರದ ಒಂದೇ ತಂತ್ರಾಂಶ ಬೇಕಾಗಿದೆಯೆಂದು ಭಾವಿಸೋಣ. ಸೆಕೆಂಡಿಗೆ 2 ಮೆಗಾಬಿಟ್ ವೇಗದ ತಂತಿಯಲ್ಲಿ ಪ್ರತಿಯೊಂದೂ ಬೇರೆಬೇರೆಯಾಗಿ ತರಿಸಿಕೊಂಡರೆ ಸುಮಾರು ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಒಮ್ಮೆ ಮಾತ್ರ ತರಿಸಿ ಹಂಚಿದರೆ ದೂರದಿಂದ ಬರಲು ಹದಿಮೂರು ನಿಮಿಷಗಳೇ ಸಾಕು.

ಇಂತಹ ಕೆಲಸಕ್ಕೆ 1996ರಲ್ಲಿ ಹೊರಬಂದ ಸ್ಕ್ವಿಡ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಆದರೆ ಯಂತ್ರವನ್ನು ಹಣ ಕೊಟ್ಟೇ ಕೊಳ್ಳಬೇಕು. ವೇಗದ ಸಂಸ್ಕಾರಕಕ್ಕೆ ಹೆಚ್ಚು ಹಣ ಸುರಿಯುವುದು ಸಾಮಾನ್ಯವಾದ ತಪ್ಪು. ಇಲ್ಲಿ ಲೆಕ್ಕಾಚಾರ ಕಡಿಮೆ. ಹುಡುಕಿ ತೆಗೆದುಕೊಡುವ ಕೆಲಸವೇ ಹೆಚ್ಚು. ಆದುದರಿಂದ ಸ್ಮೃತಿಗೆ, ಅಂದರೆ ರ್‍ಯಾಮಿಗೆ, ಮೊದಲ ಸ್ಥಾನ ಸಲ್ಲಬೇಕು. ಡಿಸ್ಕಿನಲ್ಲಿರುವ ವಸ್ತುಗಳ ಪಟ್ಟಿ ಸ್ಮೃತಿಯಲ್ಲಿಯೇ ಇರುತ್ತದೆ. 64 ಬಿಟ್ ಯಂತ್ರದಲ್ಲಿ ಒಂದು ಗಿಗಾಬೈಟ್ ಸಂಗ್ರಹಕ್ಕೆ ಸುಮಾರು 14 ಮೆಗಾಬೈಟ್ ಸ್ಮೃತಿ ಬೇಕೆಂಬುದು ರೂಢಿಯ ಲೆಕ್ಕ. 100 ಗಿಗಾಬೈಟ್ ಸಂಗ್ರಹದ ಪಟ್ಟಿಗೇ 1.4 ಗಿಗಾಬೈಟ್ ವ್ಯಯವಾಗುತ್ತದೆ. ಸ್ಮೃತಿ ಸಾಲದಿದ್ದರೆ ದೊಡ್ಡ ಡಿಸ್ಕು ಇದ್ದೂ ಯಂತ್ರ ತೆವಳುತ್ತದೆ.

ಎರಡನೆಯದು ಡಿಸ್ಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡು ಬೇಕು. ಸಾವಿರಾರು ಚಿಕ್ಕ ಕೋರಿಕೆಗಳು ಬಂದಾಗ ಈ ಕಾಯುವಿಕೆಯೇ ಬೆಟ್ಟವಾಗುತ್ತದೆ. ಒಂದು ದೊಡ್ಡ ಡಿಸ್ಕಿಗಿಂತ ಎರಡು ಚಿಕ್ಕವು ಲೇಸು. ಎರಡೂ ಏಕಕಾಲದಲ್ಲಿ ದುಡಿಯುತ್ತವೆ. ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಇನ್ನೂ ಚುರುಕು. ಹಗೇವು ಕೆಟ್ಟರೆ ವರ್ಷದ ಅನ್ನವೇ ಹೋದಂತೆ. ಕ್ಯಾಶ್ ಅಳಿದರೆ ಮೂಲ ಬೇರೆಡೆ ಉಳಿದಿರುತ್ತದೆ. ಆದಕಾರಣ ಅದಕ್ಕೆ ದುಬಾರಿ ಕಾಪು ಬೇಕಿಲ್ಲ.

ಆದರೆ ಇಂದು ಬಹುತೇಕ ಪುಟಗಳು ಗೂಢಲಿಪಿಯಲ್ಲಿ ಬರುತ್ತವೆ. ಮಧ್ಯದ ಯಂತ್ರವು ಅವುಗಳನ್ನು ಓದಲಾರದು, ಕೂಡಿಡಲಾರದು. ಹೀಗಿರುವುದರಿಂದ ಕೊಳ್ಳುವ ಮೊದಲು ಒಂದು ವಾರ ತಂತಿಯಲ್ಲಿ ಹರಿಯುವುದೇನೆಂದು ಅಳೆದು ನೋಡಬೇಕು. ಜೋಳವೆಷ್ಟೆಂದು ತಿಳಿದ ಮೇಲೆ ಹಗೇವು ತೋಡುವವನೇ ಜಾಣ.