ಪಿತ್ತಕೋಶದ ಶಸ್ತ್ರಚಿಕಿತ್ಸೆ: ಅಂಜಿಕೆಯೂ ಬೇಡ, ಅಲಕ್ಷ್ಯವೂ ಬೇಡ

ಮದುವೆಯ ಮನೆಯಲ್ಲಿ ತುಪ್ಪದ ಹೋಳಿಗೆ, ಕರಿದ ಬೋಂಡ ಉಂಡು ಭದ್ರಾವತಿಗೆ ಮರಳಿದ ಗೃಹಿಣಿಗೆ ನಡುರಾತ್ರಿ ಬಲಪಕ್ಕೆಯ ಕೆಳಗೆ ಸಹಿಸಲಾರದ ನೋವು. ಅದು ಬೆನ್ನಿಗೂ ಬಲಭುಜಕ್ಕೂ ಹರಿಯುತ್ತದೆ. ಎರಡು ಬಾರಿ ವಾಂತಿಯೂ ಆಗುತ್ತದೆ. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮನೆಯವರು ಜೀರಿಗೆ ಕಷಾಯ ಕೊಡುತ್ತಾರೆ. ಬೆಳಗಾಗುವುದರೊಳಗೆ ನೋವು ಇಳಿದು, ಮಾತು ಮರೆತುಹೋಗುತ್ತದೆ. ಎರಡು ತಿಂಗಳ ಬಳಿಕ ಹಬ್ಬದ ಊಟವಾದ ಮೇಲೆ ಮತ್ತೆ ಅದೇ ನೋವು. ಕಡೆಗೆ ಶಿವಮೊಗ್ಗದಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲುಗಳಿರುವುದು ತಿಳಿಯುತ್ತದೆ. ವೈದ್ಯರು ಶಸ್ತ್ರಚಿಕಿತ್ಸೆಯಾಗಬೇಕು ಎನ್ನುತ್ತಾರೆ. ಆ ತಾಯಿಯಾದರೋ ‘ಮಗಳ ಮದುವೆ ಮುಗಿಯಲಿ’ ಎನ್ನುತ್ತಾರೆ. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ನಮ್ಮ ಅನೇಕ ಮನೆಗಳಲ್ಲಿ ನಡೆಯುವ ಸಂಗತಿ. ಇಂತಹ ಮುಂದೂಡಿಕೆಗೆ ಹೆಚ್ಚಿನ ಕಾರಣ ಭಯ; ಭಯಕ್ಕೆ ಕಾರಣ ತಿಳಿವಳಿಕೆಯ ಕೊರತೆ.

ಪಿತ್ತಕೋಶವೆಂದರೇನು?

ಪಿತ್ತರಸವನ್ನು ತಯಾರಿಸುವುದು ಪಿತ್ತಜನಕಾಂಗ. ಅದರ ಕೆಳಗೆ ಅಂಟಿಕೊಂಡಿರುವ ಪುಟ್ಟ ಚೀಲವೇ ಪಿತ್ತಕೋಶ. ಜಿಡ್ಡಿನ ಆಹಾರ ಕರುಳನ್ನು ಸೇರಿದಾಗ ಈ ಚೀಲ ಸಂಕುಚಿಸಿ, ಕೂಡಿಟ್ಟ ರಸವನ್ನು ಕರುಳಿಗೆ ಬಿಡುತ್ತದೆ. ಆಗ ಕಲ್ಲೊಂದು ಬಾಯಿಗೆ ಅಡ್ಡವಾದರೆ ನೋವು ಕೆರಳುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಈ ತೊಂದರೆ ಅಧಿಕ. ಸ್ಥೂಲಕಾಯ ಹಾಗೂ ಸಕ್ಕರೆ ಕಾಯಿಲೆ ಇದ್ದವರಲ್ಲಿಯೂ ಹೆಚ್ಚು. ಸಸ್ಯಾಹಾರಿಗಳಿಗೆ ಇದು ಬಾರದೆಂಬ ನಂಬಿಕೆ ಸರಿಯಲ್ಲ.

ಮೂತ್ರಪಿಂಡದ ಕಲ್ಲಿಗೆ ಬಾಳೆದಿಂಡಿನ ರಸ ಕುಡಿಯುವ ರೂಢಿ ನಮ್ಮಲ್ಲುಂಟು. ಅದೇ ರಸದಿಂದ ಈ ಕಲ್ಲೂ ಕರಗೀತೆಂದು ಕಾಯುವುದು ತರವಲ್ಲ. ಮೂತ್ರಪಿಂಡದ ಸಣ್ಣ ಕಲ್ಲು ಮೂತ್ರದೊಡನೆ ಹೊರಬೀಳಬಹುದು. ಪಿತ್ತಕೋಶದ ಕಲ್ಲು ಜಾರಿದರೆ ಪಿತ್ತನಾಳದಲ್ಲಿ ಸಿಕ್ಕಿಕೊಂಡು ಕಾಮಾಲೆಯನ್ನೋ, ಮೇದೋಜೀರಕ ಗ್ರಂಥಿಯ ಉರಿಯೂತವನ್ನೋ ತರಬಹುದು. ಇವು ಪ್ರಾಣಕ್ಕೂ ಎರವಾಗಬಲ್ಲವು. ಹಾಗೆಂದು ಕಲ್ಲು ಕಂಡವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬೇರೆ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಕಂಡುಬಂದ, ಎಂದೂ ನೋವು ಕೊಡದ ಕಲ್ಲುಗಳನ್ನು ಸಾಮಾನ್ಯವಾಗಿ ಹಾಗೆಯೇ ಬಿಡುತ್ತಾರೆ. ನೋವು ಮರುಕಳಿಸುವವರು ಮಾತ್ರ ತಡಮಾಡಬಾರದು.

ಕಲ್ಲನ್ನಷ್ಟೇ ತೆಗೆದು ಚೀಲವನ್ನು ಉಳಿಸಬಾರದೇ ಎಂದು ಹಲವರು ಕೇಳುತ್ತಾರೆ. ಉಳಿದ ಚೀಲದಲ್ಲಿ ಮತ್ತೆ ಕಲ್ಲು ಬೆಳೆಯುವುದರಿಂದ ಚೀಲವನ್ನೇ ತೆಗೆಯುವರು. ಆ ಬಳಿಕ ಪಿತ್ತರಸ ನೇರವಾಗಿ ಕರುಳಿಗೆ ಹರಿಯುತ್ತದೆ. ಜೀರ್ಣಕ್ರಿಯೆ ಎಂದಿನಂತೆ ಸಾಗುತ್ತದೆ.

ನಡೆದು ಬಂದ ದಾರಿ

ಜರ್ಮನಿಯ ಕಾರ್ಲ್ ಲಾಂಗೆನ್‌ಬುಖ್ ಎಂಬ ವೈದ್ಯರು 1882ರಲ್ಲಿ ಬರ್ಲಿನ್ ನಗರದಲ್ಲಿ ಮೊದಲ ಬಾರಿಗೆ ಪಿತ್ತಕೋಶವನ್ನು ತೆಗೆದರು. 1985ರಲ್ಲಿ ಅದೇ ದೇಶದ ಎರಿಕ್ ಮ್ಯೂಹೆ, ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ ದರ್ಶಕ ನಳಿಕೆಯ ನೆರವಿನಿಂದ ಅದನ್ನು ಸಾಧಿಸಿದರು. ಭಾರತದಲ್ಲಿ 1990ರಲ್ಲಿ ಮುಂಬಯಿಯ ಡಾ. ತೆಹೆಮ್‌ಟನ್ ಉದ್ವಾಡಿಯಾ ಇದನ್ನು ಆರಂಭಿಸಿದರು. ‘ಲ್ಯಾಪರೋಸ್ಕೋಪಿ’ ಎಂದು ಕರೆಯುವ ಈ ವಿಧಾನವೇ ಇಂದು ಎಲ್ಲೆಡೆ ಬಳಕೆಯಲ್ಲಿದೆ.

ಮುಂಚಿನ ಸಿದ್ಧತೆ

ರಕ್ತಪರೀಕ್ಷೆ, ಇ.ಸಿ.ಜಿ. ಮೊದಲಾದವನ್ನು ಮಾಡಿಸಲು ಹೇಳುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹಾಗೂ ರಕ್ತ ತೆಳುವಾಗಿಸುವ ಮಾತ್ರೆಗಳ ವಿವರವನ್ನು ತಪ್ಪದೆ ತಿಳಿಸಬೇಕು. ಯಾವ ಮಾತ್ರೆಯನ್ನೂ ತಾನಾಗಿ ನಿಲ್ಲಿಸಬಾರದು. ಹಿಂದಿನ ರಾತ್ರಿ ಲಘುವಾಗಿ ಉಂಡು, ಅನಂತರ ವೈದ್ಯರು ಹೇಳಿದ ಹೊತ್ತಿನಿಂದ ಉಪವಾಸವಿರಬೇಕು. ‘ಒಂದು ಲೋಟ ಕಾಫಿ ತಾನೇ’ ಎಂಬ ಸಲಿಗೆ ಸಲ್ಲದು; ಅರಿವಳಿಕೆಯ ವೇಳೆ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಇಳಿದರೆ ಅಪಾಯ.

ಲಿಂಗಧಾರಿಗಳಿಗೆ ಇನ್ನೊಂದು ಅಳುಕುಂಟು. ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ ಉಪಕರಣ ಬಳಸುವುದರಿಂದ ಮೈಮೇಲೆ ಲೋಹವಿದ್ದರೆ ಸುಟ್ಟಗಾಯವಾಗುವ ಸಂಭವವಿದೆ. ಆದುದರಿಂದ ಬಳೆ, ತಾಳಿಗಳೊಡನೆ ಬೆಳ್ಳಿಯ ಕರಡಿಗೆಯನ್ನೂ ತೆಗೆಯಲು ಹೇಳುತ್ತಾರೆ. ಕಡೆಯ ಗಳಿಗೆಯಲ್ಲಿ ಈ ಮಾತು ಕೇಳಿ ಕಣ್ಣೀರಿಡುವ ಹಿರಿಯರಿದ್ದಾರೆ. ಹಿಂದಿನ ದಿನವೇ ವೈದ್ಯರೊಡನೆ ಸಂಕೋಚವಿಲ್ಲದೆ ಮಾತನಾಡಿರಿ. ಇಷ್ಟಲಿಂಗವನ್ನು ಮಡಿಬಟ್ಟೆಯಲ್ಲಿ ಸುತ್ತಿ ಮನೆಯ ಲಿಂಗಧಾರಿಗಳೊಬ್ಬರ ಕೈಗೆ ಒಪ್ಪಿಸಿ, ಎಚ್ಚರವಾದೊಡನೆ ಮರಳಿ ಧರಿಸುವ ಏರ್ಪಾಡು ಮಾಡಿಕೊಳ್ಳಬಹುದು. ಮನಸ್ಸಿನಲ್ಲಿ ಸಂದೇಹ ಉಳಿದರೆ ಗುರುಗಳನ್ನು ಮೊದಲೇ ಕೇಳಿಕೊಳ್ಳಿರಿ.

ಖರ್ಚಿನ ವಿಷಯವನ್ನೂ ಮೊದಲೇ ವಿಚಾರಿಸುವುದು ಜಾಣತನ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಂತಹ ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ದೊರೆಯುವ ನೆರವನ್ನು ಆರೋಗ್ಯಮಿತ್ರರಿಂದ ಕೇಳಿ ತಿಳಿಯಿರಿ.

ಆ ದಿನ

ರೋಗಿಗೆ ಪೂರ್ಣ ಅರಿವಳಿಕೆ ಕೊಡುವುದರಿಂದ ನೋವು ತಿಳಿಯದು. ಸಾಮಾನ್ಯವಾಗಿ ನಾಲ್ಕು ಸಣ್ಣ ರಂಧ್ರಗಳನ್ನು ಮಾಡಿ, ಒಳಗೆ ಇಂಗಾಲದ ಡೈ ಆಕ್ಸೈಡ್ ಅನಿಲ ತುಂಬಿ, ಪರದೆಯ ಮೇಲೆ ನೋಡುತ್ತಾ ಪಿತ್ತಕೋಶವನ್ನು ಬಿಡಿಸಿ ಹೊರತೆಗೆಯುತ್ತಾರೆ. ಒಂದೆರಡು ಗಂಟೆಯ ಕೆಲಸ. ಉರಿಯೂತದಿಂದ ಅಂಗಗಳು ಅಂಟಿಕೊಂಡಿದ್ದರೆ ಹೊಟ್ಟೆಯನ್ನು ತೆರೆದೇ ಮಾಡಬೇಕಾಗಬಹುದು. ಅದು ವೈದ್ಯರ ಸೋಲಲ್ಲ, ರೋಗಿಯ ರಕ್ಷಣೆಗಾಗಿ ಕೈಗೊಂಡ ನಿರ್ಧಾರ. ರಕ್ತಸ್ರಾವ, ಸೋಂಕು, ಅಪರೂಪಕ್ಕೆ ಪಿತ್ತನಾಳಕ್ಕೆ ಪೆಟ್ಟು ಇವು ಇದರ ಅಪಾಯಗಳು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಇವನ್ನೆಲ್ಲ ಕೇಳಿ ತಿಳಿಯುವುದು ರೋಗಿಯ ಹಕ್ಕು.

ಚೇತರಿಕೆ

ಎಚ್ಚರವಾದ ಬಳಿಕ ಹೊಟ್ಟೆಗಿಂತ ಭುಜವೇ ನೋಯುತ್ತದೆಂದು ಕೆಲವರು ಗಾಬರಿಗೊಳ್ಳುವರು. ಒಳಗೆ ಉಳಿದ ಅನಿಲ ಇದಕ್ಕೆ ಕಾರಣ; ಕೆಲವು ದಿನಗಳಲ್ಲಿ ತಾನಾಗಿ ಶಮನವಾಗುತ್ತದೆ. ಅದೇ ದಿನ ಸಂಜೆ ಅಥವಾ ಮರುದಿನ ಎಬ್ಬಿಸಿ ನಡೆಸುತ್ತಾರೆ. ‘ಬಾಣಂತಿಯಂತೆ ಮಲಗಿರಲಿ’ ಎಂದು ಮನೆಯವರು ತಡೆಯಬಾರದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ನಡಿಗೆಯೇ ಮದ್ದು. ತೊಂದರೆಯಿಲ್ಲದಿದ್ದರೆ ಒಂದೆರಡು ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಒಂದೆರಡು ವಾರಗಳಲ್ಲಿ ಹಗುರ ಕೆಲಸಕ್ಕೆ ಮರಳಬಹುದು. ಹೊಟ್ಟೆ ತೆರೆದು ಮಾಡಿದ್ದರೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತುಂಬಿದ ಕೊಡ, ಅಡಿಕೆಯ ಮೂಟೆ, ಕಾರ್ಖಾನೆಯ ಭಾರ ಇವನ್ನು ಎತ್ತಲು ವೈದ್ಯರ ಅನುಮತಿ ಬೇಕು. ನೆಲದ ಮೇಲೆ ಕುಳಿತು ಏಳುವುದು ಕಷ್ಟವೆನಿಸಿದರೆ ಕೆಲವು ದಿನ ಕುರ್ಚಿಯಲ್ಲಿಯೇ ಲಿಂಗಪೂಜೆ ಮಾಡಿಕೊಂಡರಾಯಿತು.

ಆಹಾರವನ್ನು ಗಂಜಿ, ತಿಳಿಸಾರು ಅನ್ನ, ಮಜ್ಜಿಗೆ, ಇಡ್ಲಿಗಳಿಂದ ಆರಂಭಿಸಿ, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಉಣ್ಣಬೇಕು. ಮೊದಲ ಕೆಲವು ವಾರ ಕರಿದ ತಿಂಡಿ, ಹೆಚ್ಚು ತುಪ್ಪ ದೂರವಿರಲಿ. ಕೆಲವರಿಗೆ ಕೆಲಕಾಲ ಭೇದಿಯಾಗುವುದುಂಟು. ಬಹುಮಟ್ಟಿಗೆ ಅದು ತಾನಾಗಿ ಸರಿಹೋಗುತ್ತದೆ. ಆಜೀವ ಪಥ್ಯ ಎಲ್ಲರಿಗೂ ಬೇಕಿಲ್ಲ. ಮಿತಾಹಾರ ಎಲ್ಲರಿಗೂ ಹಿತ.

ಜ್ವರ ಮತ್ತು ಚಳಿ, ಹೆಚ್ಚುತ್ತಿರುವ ಹೊಟ್ಟೆನೋವು, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಗಾಢ ಬಣ್ಣದ ಮೂತ್ರ, ಬಿಳಿಚಿದ ಮಲ, ಗಾಯದಲ್ಲಿ ಕೀವು, ಮೀನಖಂಡದ ಊತ, ಉಸಿರಾಟದ ತೊಂದರೆ ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು. ಭದ್ರಾವತಿಯಿಂದ ಶಿವಮೊಗ್ಗ ಸುಮಾರು ಇಪ್ಪತ್ತು ಕಿಲೋಮೀಟರು. ‘ಬೆಳಗಾಗಲಿ’ ಎನ್ನದೆ 108ಕ್ಕೆ ಕರೆ ಮಾಡಿರಿ. ತೆಗೆದ ಪಿತ್ತಕೋಶವನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದರೆ ಅದರ ವರದಿಯನ್ನು ಮರೆಯದೆ ಪಡೆದು ವೈದ್ಯರಿಗೆ ತೋರಿಸಿರಿ.

ಮಗಳ ಮದುವೆಯವರೆಗೆ ತಡೆಯುವೆನೆಂಬ ತಾಯಿಯ ಮಮತೆ ದೊಡ್ಡದು. ಆದರೆ ಕಲ್ಲು ಲಗ್ನದ ದಿನವನ್ನು ನೋಡಿ ಕಾಯುವುದಿಲ್ಲ. ಮದುವೆಗೆ ತಿಂಗಳುಗಳ ಅವಧಿಯಿದ್ದರೆ, ಮೊದಲೇ ಚಿಕಿತ್ಸೆ ಪಡೆದು, ಗುಣಮುಖರಾಗಿ ಮಂಟಪದಲ್ಲಿ ನಿಲ್ಲುವುದೇ ಲೇಸು. ಕಾಯಕಕ್ಕೂ ಪೂಜೆಗೂ ದಾಸೋಹಕ್ಕೂ ಆಧಾರವಾದ ಈ ದೇಹವನ್ನು ಕಾಪಾಡಿಕೊಳ್ಳುವುದು ಸ್ವಾರ್ಥವಲ್ಲ, ಕರ್ತವ್ಯ. ಮನೆಯ ಹೆಣ್ಣುಮಕ್ಕಳು ಇದನ್ನು ಮರೆತಾಗ ನೆನಪಿಸಿ ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ಉಳಿದವರೆಲ್ಲರದು.